ಪಾಸ್ಟರ್ ಪ್ರೀತಿ ತೋರಿಸಲು ಹೊರಟಾಗ

ತೊಂಬತ್ತರ ದಶಕದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಕ್ರೈಸ್ತ ಸಭೆಗಳಿಗೆ ನಾನೊಬ್ಬನೇ ಪಾಸ್ಟರ್. ಪ್ರೀತಿಯನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು ಎಂದು ವಾರವಾರವೂ ಬೋಧಿಸುತ್ತಿದ್ದೆ. ಬೋಧಿಸಿ ಸುಮ್ಮನಿದ್ದರೆ ಏನೂ ತೊಂದರೆಯಿಲ್ಲ. ಮಾಡಿ ತೋರಿಸಲು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇದ್ದದ್ದೇ ಇಲ್ಲ.

ಬಿಳಿ ನಿಲುವಂಗಿ

ಗುಬ್ಬಿಯಲ್ಲಿ ಚರ್ಚಿನ ಎದುರು ಮನೆಯ ಕೊಬ್ಬರಿ ವ್ಯಾಪಾರಿಗೆ ಟೈಫಾಯ್ಡ್ ಆಗಿತ್ತು. ಜ್ವರ ಬಿಟ್ಟು ಹದಿನೈದು ದಿನವಾದರೂ ಯಜಮಾನರು ಹಾಸಿಗೆ ಬಿಟ್ಟಿರಲಿಲ್ಲ. ಪಾಪ, ಮಾತಾಡಿಸಿ ಬರೋಣವೆಂದು ಭಾನುವಾರದ ಆರಾಧನೆ ಮುಗಿಸಿ ಬಿಳಿ ನಿಲುವಂಗಿಯಲ್ಲೇ ಹೋದೆ. ಕೈಯಲ್ಲಿ ಬೈಬಲ್ ಬೇರೆ.

ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವರ ಹೆಂಡತಿ ಎದೆ ಬಡಿದುಕೊಂಡರು. “ಅಯ್ಯೋ ಶಿವ್ನೇ! ಸಿನಿಮಾದಲ್ಲಿ ಉಸ್ರು ಹೋಗೋ ಟೈಮಿಗೆ ಪಾದ್ರಿ ಬರ್ತಾರಲ್ಲಾ, ಹಂಗೇ ಬಂದವ್ರೆ! ಡಾಕ್ಟ್ರು ನಮ್ಮತ್ರ ಏನೋ ಮುಚ್ಚಿಟ್ಟವ್ರೆ!”

ಒಳಗಿದ್ದ ಯಜಮಾನರು ಇದನ್ನು ಕೇಳಿ ದಡಬಡನೆ ಎದ್ದು ಪಡಸಾಲೆಗೇ ಬಂದುಬಿಟ್ಟರು. “ನಂಗೇನೂ ಆಗಿಲ್ಲ ಸ್ವಾಮಿ! ನೋಡಿ, ಗಟ್ಟಿಯಾಗಿದೀನಿ!” ಎಂದು ಆ ಗೋಡೆಯಿಂದ ಈ ಗೋಡೆಗೆ ಮೂರು ಸಲ ನಡೆದು ತೋರಿಸಿದರು.

ಕೈಮುಗಿದು ಹೊರಟೆ. ಅವರ ಸೊಸೆ ಗೇಟಿನವರೆಗೂ ಬಂದು ಪಿಸುಗುಟ್ಟಿದಳು: “ಎದ್ದು ಓಡಾಡಿ ಮಾವ ಅಂತ ಬೇಡ್ಕೊಂಡು ಸಾಕಾಗಿತ್ತು ಸಾರ್. ನಾಳೆನೂ ಇದೇ ಡ್ರೆಸ್ಸಲ್ಲಿ ಬನ್ನಿ.”

ಒಂದು ಪಾತ್ರೆ ಬಿರಿಯಾನಿ

ಕುಣಿಗಲ್ ಸಭೆಯ ಇಬ್ಬರು ಹೆಂಗಸರು, ಅಕ್ಕಪಕ್ಕದ ಮನೆಯವರು, ನಲ್ಲಿ ನೀರಿನ ಜಗಳಕ್ಕೆ ಮೂರು ವರ್ಷದಿಂದ ಮಾತು ಬಿಟ್ಟಿದ್ದರು. ಮುನಿಸಿಕೊಂಡವರ ಮನೆಗೆ ನೀವೇ ಮೊದಲು ಹೋಗಿ ಎಂದು ಒಂದು ಭಾನುವಾರ ಬೋಧಿಸಿದೆ. ಇಬ್ಬರಲ್ಲಿ ದೊಡ್ಡಾಕೆ ಅವತ್ತೇ, ಮನೆಗೆಂದು ಮಾಡಿದ್ದ ಬಿರಿಯಾನಿಯನ್ನು ಪಾತ್ರೆ ಸಮೇತ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು.

ಚಿಕ್ಕಾಕೆಗೆ ಅನುಮಾನ. “ಮೊದ್ಲು ನೀನ್ ತಿನ್ನು, ನೋಡಾನ.”

“ತಿಂದೆ ನೋಡು. ಈಗ ನೀನ್ ತಿನ್ನು.”

ಹೀಗೆ ತುತ್ತಿಗೊಂದು ತುತ್ತು. ನಡುವೆ ಹಳೆಯದೆಲ್ಲ ತೆಗೆದು ಜಗಳವಾಡಿದರು, ಅತ್ತರು, ಮೂಗೊರೆಸಿಕೊಂಡು ನಕ್ಕರು. ಪಾತ್ರೆಯ ತಳ ಕಾಣುವ ಹೊತ್ತಿಗೆ ರಾಜಿಯಾಗಿತ್ತು.

ಮುಂದಿನ ವಾರ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತದ್ದು ಕಂಡು ನನಗೆ ಒಳಗೊಳಗೇ ಹೆಮ್ಮೆ. ಆರಾಧನೆ ಮುಗಿದ ಮೇಲೆ ದೊಡ್ಡಾಕೆಯ ಗಂಡ ನನ್ನನ್ನು ಮೂಲೆಗೆ ಕರೆದ. “ಪಾಸ್ಟ್ರೇ, ಇನ್ನೊಂದ್ ಸಲ ಪ್ರೀತಿ ಬಗ್ಗೆ ಹೇಳಂಗಿದ್ರೆ ಮೊದ್ಲೇ ತಿಳ್ಸಿ. ಹೋಟ್ಲಲ್ಲಿ ತಿನ್ಕೊಂಡೇ ಮನೆಗೋಯ್ತೀನಿ.”

ರಕ್ತ ಕೊಟ್ಟದ್ದು

ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯ ಸಾಬರು ಟೈಲರ್. ಅವರಿಗೆ ಹೊಟ್ಟೆಹುಣ್ಣಿನ ಆಪರೇಷನ್. ಅವರ ಗುಂಪಿನ ರಕ್ತ ಎಲ್ಲೂ ಸಿಗಲಿಲ್ಲ. ತಡವಾದರೆ ಜೀವಕ್ಕೇ ಅಪಾಯ ಅಂದಿದ್ದರಂತೆ ಡಾಕ್ಟರು. ಅವರ ಹೆಂಡತಿ ನಮ್ಮ ಜಗಲಿಯಲ್ಲಿ ಕೂತು ಅಳುತ್ತಿದ್ದರು. ನನ್ನದು ಅದೇ ಗುಂಪು.

“ಸೂಜಿ ಕಂಡ್ರೆ ಕಣ್ಣು ಕತ್ಲೆ ಬರುತ್ತೆ, ನೀವು ರಕ್ತ ಕೊಡ್ತೀರಾ?” ಎಂದಳು ನನ್ನವಳು.

“ಕೊಡದಿದ್ರೆ ನಾಳೆ ಬೋಧನೆ ಮಾಡೋಕೆ ಪುಲ್ಪಿಟ್ ಹತ್ತೋದು ಹೆಂಗೆ?” ಎಂದು ಹೊರಟೆ.

ನರ್ಸಿಂಗ್ ಹೋಮಿನಲ್ಲಿ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು ರಕ್ತವನ್ನೇನೋ ಕೊಟ್ಟೆ. ಆಮೇಲೆ ಸಾಬರಿಗೆ ಧೈರ್ಯ ಹೇಳಲು ಅವರ ವಾರ್ಡಿಗೆ ಹೋದೆ. ಅಲ್ಲಿ ಅವರ ಕೈಗೆ ಚುಚ್ಚಿದ್ದ ಡ್ರಿಪ್ ಸೂಜಿ ಕಂಡಿತು. ಅಷ್ಟೇ ನೆನಪು.

ಬೇರೆ ಹಾಸಿಗೆ ಖಾಲಿ ಇರಲಿಲ್ಲವಂತೆ. ಸಾಬರು ತಾವೇ ಎದ್ದು ಸ್ಟೂಲಿನ ಮೇಲೆ ಕೂತು, ನನ್ನನ್ನು ತಮ್ಮ ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿದರಂತೆ. ಅದೇ ಹೊತ್ತಿಗೆ ಆಪರೇಷನ್ನಿಗೆ ಕರೆದೊಯ್ಯಲು ಸ್ಟ್ರೆಚರ್ ತಂದ ಅಟೆಂಡರ್, ಮಂಚದ ಮೇಲಿದ್ದವನೇ ಪೇಷೆಂಟ್ ಅಂದುಕೊಂಡ.

ನನಗೆ ಎಚ್ಚರವಾದಾಗ ಮೇಲೆ ಟ್ಯೂಬ್‌ಲೈಟುಗಳು ಒಂದಾದ ಮೇಲೊಂದು ಓಡುತ್ತಿದ್ದವು. ಹಿಂದಿನಿಂದ ಸಾಬರು ಡ್ರಿಪ್ ಬಾಟಲಿ ಎತ್ತಿ ಹಿಡಿದು ಕೂಗುತ್ತಾ ಬರುತ್ತಿದ್ದರು: “ಏ ನಿಲ್ಸಪ್ಪಾ! ಕುಯ್ಯಬೇಕಾದ ಹೊಟ್ಟೆ ಇಲ್ಲಿದೆ!”

ಆಪರೇಷನ್ ಚೆನ್ನಾಗಿಯೇ ಆಯಿತು. ತಿಂಗಳೊಳಗೆ ಸಾಬರು ಮತ್ತೆ ಅಂಗಡಿ ತೆಗೆದರು. ಅಳತೆ ಕೊಡಲು ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದರು: “ಎಂಥಾ ಮನುಷ್ಯ ಗೊತ್ತೇನ್ರೀ ನಮ್ ಪಾಸ್ಟ್ರು! ರಕ್ತ ಕೊಟ್ಟಿದ್ದು ಸಾಲ್ದು ಅಂತ, ನನ್ ಬದ್ಲು ಆಪರೇಷನ್ನೂ ಮಾಡಿಸ್ಕೊಳ್ಳೋಕೆ ಹೊರಟಿದ್ರು!”