ಹಿತ್ತಲಿನಲ್ಲಿ ಚಾರ್ಲ್‌ಸ್ಟನ್

ದೇವರು ಎರಡು ಮೊಣಕಾಲು ಕೊಟ್ಟಿರುವಾಗ ಕುಣಿಯಲು ಬೇರೆ ವಿದ್ಯೆ ಯಾಕೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಬೊಂಬಾಯಿಯಲ್ಲಿರುವ ನಾದಿನಿ ಮಗಳ ಮೆಹಂದಿಯನ್ನು ಕುಂದಾಪುರದ ಹಾಲ್ ಒಂದರಲ್ಲಿ ಇಟ್ಟಿದ್ದಳು. ಪ್ರತಿ ಜೋಡಿಯೂ ಕುಣಿಯಬೇಕೆಂದು ಮದುಮಗಳ ಆಜ್ಞೆ! ನಮ್ಮ ಪಾಲಿಗೆ ಬಂದದ್ದು ಚಾರ್ಲ್‌ಸ್ಟನ್. ನೂರು ವರ್ಷದ ಹಿಂದೆ ಅಮೆರಿಕದವರು ಪಾದ ತಿರುಚಿ, ಮೊಣಕಾಲು ನಡುಗಿಸಿ ಕುಣಿಯುತ್ತಿದ್ದ ಕುಣಿತ.

“ಹ್ವಾಯ್, ನಿಮ್ಗ್ ಆತ್ತಾ? ತಂಗಿ ಎದ್ರ್ ನನ್ ಮರ್ಯಾದಿ ತೆಗುಕಾಗ,” ಎಂದಳು ಹೆಂಡತಿ ಸುಮತಿ.

ಆಗದೆ ಏನು? ಬಸ್ರೂರಿನಲ್ಲಿ ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು ಇದು!

ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಅಭ್ಯಾಸ ಶುರು. ಹಾಡು ಕೇರಿಗೆ ಕೇಳಬಾರದೆಂದು ಕಿವಿಯೊಳಗೆ ಪುಟ್ಟ ಇಯರ್‌ಫೋನ್ ತುರುಕಿಕೊಂಡದ್ದು ಮೊದಲ ತಪ್ಪು. ಸೆಕೆಗೆ ಅಂಗಿ ಬಿಚ್ಚಿ ಮೈ ಒರೆಸುವ ಕೆಂಪು ಬೈರಾಸು ಸೊಂಟಕ್ಕೆ ಬಿಗಿದದ್ದು ಎರಡನೆಯದು. ತಾಳ ತಪ್ಪದಿರಲೆಂದು ಕಣ್ಣು ಮುಚ್ಚಿದ್ದು ಮಹಾಪರಾಧ. ಐದೇ ನಿಮಿಷದಲ್ಲಿ ಪಾದ ಕೊಲ್ಲೂರಿನ ಕಡೆ, ಮೊಣಕಾಲು ಹಾಲಾಡಿಯ ಕಡೆ ಹೊರಟವು. ಬಾಯಿಂದ ‘ಹೂಂ, ಹೂಂ’ ಎಂಬ ಏದುಸಿರು.

ಕಣ್ಣು ಬಿಟ್ಟರೆ ಎದುರಿಗೆ ನೆರೆಮನೆಯ ಗಿರಿಜಕ್ಕ, ಕೈಯಲ್ಲಿ ಅಡಿಕೆ ಹೂವಿನ ಹಿಂಗಾರ! ಹಿಂದೆ ಏಳೆಂಟು ಜನ ಕೈಮುಗಿದು ನಿಂತಿದ್ದಾರೆ. ನನ್ನ ಮೈಮೇಲೆ ದೈವ ಬಂದಿದೆ ಎಂದು ಕೇರಿ ತೀರ್ಮಾನಿಸಿತ್ತು.

“ದರ್ಶನ ಬಂದಿತ್ತ್. ಮಗನ್ ಮದಿ ಈ ವರ್ಷ ಆತ್ತಾ ಕೇಂಡೆ, ಮೂರ್ ಸಲ ಹೂಂ ಅಂದ್ರ್,” ಎಂದು ಗಿರಿಜಕ್ಕ ಕಣ್ಣೊರೆಸಿಕೊಂಡಳು.

ವಿವರಿಸಬಹುದಿತ್ತು. ಆದರೆ ಐವತ್ತೈದನೇ ವಯಸ್ಸಿನಲ್ಲಿ ಡ್ಯಾನ್ಸ್ ಮಾಡುತ್ತಿದ್ದೆ ಎನ್ನಲು ನಾಚಿಕೆಯಾಯಿತು. ಆ ಹುಡುಗನಿಗೆ ಹೆಣ್ಣು ಹುಡುಕುವ ಹೊಣೆ ಈಗ ನನ್ನ ತಲೆಯ ಮೇಲಿದೆ.

ಸುದ್ದಿ ನನಗಿಂತ ಮೊದಲೇ ಮೆಹಂದಿ ಹಾಲ್ ತಲುಪಿತ್ತು. ದರ್ಶನ ಬರುವವರು ಸ್ಟೇಜಿನಲ್ಲಿ ಕುಣಿಯುವುದು ಸರಿಯಲ್ಲವೆಂದು ಹಿರಿಯರು ನನ್ನನ್ನು ಮುಂದಿನ ಸಾಲಿನಲ್ಲಿ ಗೌರವದಿಂದ ಕೂರಿಸಿದರು. ಸುಮತಿ ತಂಗಿಯ ಜೊತೆ ಕುಣಿದಳು. ಎಷ್ಟು ಚೆಂದ ಕುಣಿದಳು! ಪಕ್ಕದಲ್ಲಿ ನಾನಿರಬೇಕಿತ್ತು ಎಂದು ನಿಜಕ್ಕೂ ಹೊಟ್ಟೆ ಉರಿಯಿತು.

ಊಟಕ್ಕೆ ಕುಳಿತಾಗ ತಡೆಯಲಾಗದೆ ತಪ್ಪೊಪ್ಪಿಕೊಂಡೆ. “ಸುಮತೀ, ಅದ್ ದರ್ಶನ ಅಲ್ಲ ಮಾರಾಯ್ತಿ. ಡ್ಯಾನ್ಸ್.”

“ನಂಗ್ ಗೊತ್ತಿತ್ತ್,” ಎಂದಳು ಅವಳು, ಪಾಯಸಕ್ಕೆ ಹಪ್ಪಳ ಮುರಿಯುತ್ತಾ. “ಅಡ್ಗಿ ಕೋಣಿ ಕಿಟ್ಕಿಂದ ನಿಮ್ ಕುಣ್ತ ಕಂಡ್, ದರ್ಶನ ಬಂತ್ ಅಂದ್ ಗಿರಿಜಕ್ಕನ್ ಕರ್ದದ್ದೇ ನಾನ್.”