ನನಗೆ ಗುಂಡುವನ್ನು ದಯಪಾಲಿಸಿದ ಬಾಗಿಲಿನ ಮುಖ್ಯಸ್ಥರಿಗೆ

ಮಾನ್ಯರೇ,

ನಮ್ಮ ಶಿಶುವಿಹಾರದ ಬಾಗಿಲಿಗೆ ಬುದ್ಧಿ ಕಲಿಸುವ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರಾದ ತಮಗೆ, ಅದೇ ಬಾಗಿಲಿನ ಹೊರಗೆ ನಿಂತು ಕಾಲು ನೋಯಿಸಿಕೊಂಡ ತಾಯಿಯೊಬ್ಬಳ ಅನಂತ ನಮಸ್ಕಾರಗಳು. ತಾವು, ತಮ್ಮ ಮನೆಯವರು, ತಮ್ಮ ಸರ್ವರ್ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮಗಳು ಹುಟ್ಟಿದಾಗಿನಿಂದ ನಾನು ನಿದ್ದೆಯ ಮುಖ ಕಂಡಿಲ್ಲವಾದ್ದರಿಂದ, ಈ ಪತ್ರದ ವಾಕ್ಯಗಳು ಅಲ್ಲಲ್ಲಿ ತೂಕಡಿಸಿದರೆ ತಟ್ಟಿ ಎಬ್ಬಿಸಿಕೊಂಡು ಓದಬೇಕಾಗಿ ಕೋರಿಕೆ.

ಕಳೆದ ಶನಿವಾರ ನಾವೆಲ್ಲ ಒಗೆದ ಬಟ್ಟೆ ಮಡಚುತ್ತಿದ್ದ ಹೊತ್ತಿನಲ್ಲಿ ತಾವು ವಿಶ್ರಾಂತಿಯನ್ನೂ ಲೆಕ್ಕಿಸದೆ ಆ ಬಾಗಿಲಿನ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದಿರಿ. ಇನ್ನು ಪೋಷಕರು ಕ್ಯಾಮೆರಾಗೆ ಮುಖ ತೋರಿಸಿದರೆ ಅವರ ಮಗುವಿನ ಚಿತ್ರ ಪರದೆಯ ಮೇಲೆ ಬರುತ್ತದೆ, ಗುರುತಿನ ಕೈಪಟ್ಟಿ ಕಟ್ಟಿದ ಅದೇ ಮಗುವನ್ನು ಆಯಾ ಕರೆತಂದರೆ ಮಾತ್ರ ಗಾಜಿನ ಬಾಗಿಲು ತೆರೆಯುತ್ತದೆ ಎಂದು ಸಂದೇಶ ಬಂತು. ಓದಿ ಕಣ್ತುಂಬಿ ಬಂತು. ಹೆರಿಗೆ ರಜೆ ಮುಗಿದು ನಾನು ಮತ್ತೆ ಕೆಲಸಕ್ಕೆ ಹೊರಡಬೇಕಿದ್ದುದು ಆ ಸೋಮವಾರವೇ. ಮಗಳನ್ನು ಮೊದಲ ಸಲ ಬಿಟ್ಟು ಹೋಗುವಾಗ, ಸಂಜೆ ಎಲ್ಲರಿಗಿಂತ ಮುಂಚೆ ಅಮ್ಮನೇ ಬರುತ್ತಾಳೆ ಎಂದು ಅವಳ ಕಿವಿಯಲ್ಲಿ ಮಾತು ಕೊಟ್ಟು ಹೋದೆ.

ಎಲ್ಲರಿಗಿಂತ ಮುಂಚೆ ಬಂದೆ. ಮುಖ ತೋರಿಸಿದೆ. ಪರದೆಯ ಮೇಲೆ ಗುಂಡು ಬಂದ. ಅವನು ಟೈಲರೊಬ್ಬರ ಮಗ. ಕೆನ್ನೆಗೆ ಸದಾ ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿರುವ ಚೆಲುವ. ಅವನ ಬಗ್ಗೆ ನನಗೆ ಯಾವ ದೂರೂ ಇಲ್ಲ, ಆದರೆ ಹೆತ್ತ ನೆನಪಂತೂ ಇಲ್ಲ. ಗಾಜಿನ ಆಚೆ ನನ್ನ ಮಗಳನ್ನು ಎತ್ತಿಕೊಂಡಿದ್ದ ಆಯಾ, “ಅಮ್ಮಾ, ಇವ್ಳು ನಿಮ್ ಮಗ್ಳು ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು, ಈ ಹಾಳಾದ್ ಬಾಗ್ಲಿಗೆ ಯಾರ್ ಹೇಳ್ಬೇಕು?” ಎಂದು ಕೂಗಿದರು. ಗುಂಡುವನ್ನು ಕರೆತಂದು ಬಾಗಿಲು ತೆರೆಸಿ, ಅವನ ಬೆನ್ನಿಗೇ ಅವಳನ್ನೂ ದಾಟಿಸಲು ನೋಡಿದರೆ ತಮ್ಮ ಸೈರನ್ ಊಳಿಟ್ಟಿತು. ಒಳಗಿದ್ದ ಮಕ್ಕಳೆಲ್ಲ ಅದಕ್ಕೆ ದನಿಗೂಡಿಸಿದರು. ಹಳೆಯ ಬೀಗ, ಚಿಲಕಗಳನ್ನು ತಮ್ಮ ಸಿಬ್ಬಂದಿ ಶನಿವಾರವೇ ಕಿತ್ತು ಗುಜರಿಗೆ ಹಾಕಿದ್ದರಂತೆ.

ಆಮೇಲೆ ತಿಳಿಯಿತು: ತಮ್ಮ ವ್ಯವಸ್ಥೆ ಪಟ್ಟಿಯಲ್ಲಿ ಪ್ರತಿಯೊಬ್ಬ ಪೋಷಕರನ್ನೂ ಒಂದೊಂದು ಸಾಲು ಕೆಳಗೆ ಜಾರಿಸಿ, ಮುಂದಿನವರ ಮಗುವಿನ ಎದುರಿಗೆ ನಿಲ್ಲಿಸಿತ್ತು. ಬೇರೆ ದಾರಿ ಕಾಣದೆ, ಒಬ್ಬೊಬ್ಬರೂ ಮುಖ ತೋರಿಸಿ ಇನ್ನೊಬ್ಬರ ಮಗುವನ್ನು ಬಿಡಿಸಿಕೊಂಡು ಬಂದು ಫುಟ್‌ಪಾತಿನ ಮೇಲೆ ಅದಲುಬದಲು ಮಾಡಿಕೊಂಡೆವು. “ಈ ನೀಲಿ ಟೋಪಿ ಯಾರ್ದ್ರೀ?” “ನಂದು ನಂದು, ಇಲ್ಕೊಡಿ, ನಿಮ್ದು ಇಗೋ, ಒದ್ದೆಯಾಗಿದೆ ನೋಡ್ಕೊಳ್ಳಿ!” ಪರಿಚಯವೇ ಇಲ್ಲದ ನಮ್ಮನ್ನು ಹೀಗೆ ಒಂದೇ ಕುಟುಂಬವಾಗಿಸಿದ್ದು ತಮ್ಮ ದೊಡ್ಡ ಗುಣ. ಕೊನೆಗೆ ಒಳಗೆ ಉಳಿದವಳು ನನ್ನ ಮಗಳೊಬ್ಬಳೇ. ಬಾಗಿಲಿನ ಪ್ರಕಾರ ಅವಳ ಅಪ್ಪನಾದ ಬಸ್ ಕಂಡಕ್ಟರ್, ಊರಿನ ಇನ್ನೊಂದು ತುದಿಯಲ್ಲಿ ಡ್ಯೂಟಿಯಲ್ಲಿದ್ದರು.

ಕಾಯುತ್ತ ತಮ್ಮ ಸಹಾಯವಾಣಿಗೆ ಫೋನ್ ಮಾಡಿ, ಶುಕ್ರವಾರ ಹೇಗಿತ್ತೋ ಹಾಗೆ ಮಾಡಿಬಿಡಿ ಎಂದು ಬೇಡಿಕೊಂಡೆ. “ಮೇಡಂ, ರೋಲ್‌ಬ್ಯಾಕ್ ಪ್ಲಾನ್, ಅಂದ್ರೆ ಹಳೇದಕ್ಕೆ ವಾಪಸ್ ಹೋಗೋ ದಾರಿ, ಇಟ್ಕೊಂಡಿಲ್ಲ. ಇಟ್ಕೊಂಡ್ರೆ ನಮ್ಗೆ ಆತ್ಮವಿಶ್ವಾಸ ಇಲ್ಲ ಅಂತಾಗುತ್ತೆ ಅಂತಾರೆ ನಮ್ ಸಾಹೇಬ್ರು” ಎಂದರು ಆ ಮಹನೀಯರು. ಎಂಥ ಧೀರ ನಿಲುವು! ನನ್ನ ಅಲ್ಪತನವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮಗಳಿಗೆ ಬಾಟಲಿ ಬಿಡಿಸಿ ಲೋಟ ಹಿಡಿಸುವಾಗ ನಾನು ಭಾನುವಾರ ಆರಿಸಿಕೊಳ್ಳಲಿಲ್ಲ, ಏಕೆಂದರೆ ಅಂದು ಡಾಕ್ಟರ್ ಸಿಗುವುದಿಲ್ಲ. ಹಳೆಯ ಬಾಟಲಿಯನ್ನು ಕುದಿಸಿ ಸೆರಗಿನ ಮರೆಯಲ್ಲಿ ಇಟ್ಟುಕೊಂಡೇ ಲೋಟ ಮುಂದೆ ಹಿಡಿದೆ. ಅವಳು ಲೋಟವನ್ನು ಗೋಡೆಗೆ ಎಸೆದಳು, ನಾನು ಕಣ್ಣುಮಿಟುಕಿಸುವಷ್ಟರಲ್ಲಿ ಬಾಟಲಿ ಬಾಯಿಗಿಟ್ಟೆ. “ಸದ್ಯ, ಬಾಟ್ಲಿ ಬಿಸಾಕಿರ್ಲಿಲ್ವಲ್ಲ ನಮ್ ಸೊಸೆ!” ಎಂದರು ಅತ್ತೆ. ಅವರು ಇದುವರೆಗೆ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆತ್ಮವಿಶ್ವಾಸದ ಕೊರತೆಯಿಂದ ಒಂದು ಮಗು ಹೊಟ್ಟೆತುಂಬ ಹಾಲು ಕುಡಿದು ಮಲಗಿತು, ಕ್ಷಮಿಸಬೇಕು.

ಅಂತೂ ಕಂಡಕ್ಟರಣ್ಣ ಸಮವಸ್ತ್ರದಲ್ಲೇ ಓಡೋಡಿ ಬಂದು, “ಎಲ್ಲಮ್ಮಾ ನನ್ ಹೊಸ ಮಗ್ಳು?” ಎನ್ನುತ್ತ ಮುಖ ತೋರಿಸಿದರು. ಬಾಗಿಲು ಬೀಗರನ್ನು ಕಂಡಂತೆ ತೆರೆದುಕೊಂಡಿತು. ಅತ್ತು ಅತ್ತು ಬಿಕ್ಕುತ್ತಿದ್ದ ಮಗಳು ಅವರ ಕೊರಳಿನ ಸೀಟಿ ಹಿಡಿದು ಸುಮ್ಮನಾದಳು; ನಾನು ಕೈಚಾಚಿದರೆ ಮುಖ ತಿರುಗಿಸಿ ಅವರ ಭುಜಕ್ಕೆ ಒರಗಿದಳು. ಬೆಳಗ್ಗೆ ಕೊಟ್ಟ ಮಾತು ಮುರಿದವಳು ನಾನಲ್ಲ, ತಾವು ಎಂಬುದನ್ನು ಇನ್ನೂ ಮಾತು ಬಾರದ ಮಗುವಿಗೆ ನಾನು ಹೇಗೆ ತಿಳಿಸಲಿ, ಮಾನ್ಯರೇ?

ಅಂದಿನಿಂದ ದಿನವೂ ಇದೇ. ಕಂಡಕ್ಟರಣ್ಣ ನನಗೋಸ್ಕರ ಪಾಳಿ ಬದಲಿಸಿಕೊಂಡಿದ್ದಾರೆ. ಈಗ ಈ ತಪ್ಪನ್ನು ತಿದ್ದಲು ಬರುವ ಶನಿವಾರ ಮತ್ತೊಮ್ಮೆ ಮೇಲ್ದರ್ಜೆಗೇರಿಸುತ್ತೇವೆ ಎಂದು ತಮ್ಮ ಸಂದೇಶ ಬಂದಿದೆ. ಅದೂ ಕೆಟ್ಟರೆ ಏನು ಗತಿ ಎಂಬ ಮಾತು ಅದರಲ್ಲಿಲ್ಲ. ಹೊಸದು ನೆಟ್ಟಗೆ ನಡೆಯುತ್ತದೆ ಎಂದು ಖಾತ್ರಿಯಾಗುವವರೆಗೆ ಬಾಗಿಲಿಗೊಂದು ಬಡ ಚಿಲಕ ಇರಲಿ, ಕೆಟ್ಟರೆ ಹಳೆಯದಕ್ಕೆ ಮರಳುವುದು ಹೇಗೆಂದು ಯಾರಾದರೂ ಮೊದಲೇ ಯೋಚಿಸಿರಲಿ, ಯೋಚಿಸಿದವರು ಸೋಮವಾರ ಫೋನ್ ಎತ್ತಲಿ ಎಂಬುದು ನನ್ನ ಸಣ್ಣ ಬೇಡಿಕೆ. ದೊಡ್ಡ ಬೇಡಿಕೆಯೂ ಒಂದಿದೆ: ತಮ್ಮ ಕೈಲಾದರೆ ನನ್ನ ಮಗಳನ್ನು ಆ ಸೋಮವಾರದ ಬೆಳಗ್ಗೆಗೆ ಒಯ್ದು ಬಿಡಿ. ಮಾತು ಉಳಿಸಿಕೊಳ್ಳಲು ನನಗೆ ಇನ್ನೊಂದು ಅವಕಾಶ ಸಿಗಲಿ.

ತಮ್ಮ ಬಾಗಿಲಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಗುಂಡುವಿನ ತಾಯಿ (ತಮ್ಮ ದಾಖಲೆಯ ಪ್ರಕಾರ)

ತಾ.ಕ.: ಬರುವ ಸೋಮವಾರ ಪೋಷಕರೆಲ್ಲ ಸೇರಿ ನಮ್ಮ ವ್ಯವಸ್ಥೆಯನ್ನೂ ಮೇಲ್ದರ್ಜೆಗೇರಿಸಲಿದ್ದೇವೆ: ಬೆಳಗ್ಗೆ ಮಕ್ಕಳನ್ನೆಲ್ಲ ನೇರ ತಮ್ಮ ಕಚೇರಿಯ ಕೋಣೆಗೇ ತಂದು ಬಿಡುತ್ತೇವೆ. ಬಂದು ನೋಡಿದ್ದೇವೆ; ಅಲ್ಲಿರುವುದು ಮರದ ಬಾಗಿಲು, ಚಿಲಕ ಚೆನ್ನಾಗಿದೆ. ಬಾಟಲಿ, ಬದಲಿ ಬಟ್ಟೆ, ಒಂದು ಸೀಟಿ ಜೊತೆಗಿರುತ್ತವೆ. ಮಕ್ಕಳನ್ನು ಹಿಂದಕ್ಕೆ ಕರೆದೊಯ್ಯುವ ಯೋಜನೆಯನ್ನು ಮಾತ್ರ ಮಾಡಿಕೊಂಡಿಲ್ಲ. ಮಾಡಿದರೆ ನಮಗೆ ಆತ್ಮವಿಶ್ವಾಸ ಇಲ್ಲ ಎಂದಾಗುತ್ತದಲ್ಲ.