ಮುಳ್ಳು ಎದ್ದು ನಿಂತ ಭಾನುವಾರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಎಂಜಿನ್ ಬಲ್ಲವರು ಊರ ತುಂಬ ಇರುವಾಗ ನನ್ನಂಥವನು ಈ ಕತೆ ಹೇಳುವುದು ಅಧಿಕಪ್ರಸಂಗ. ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾಗಿದ್ದರೆ ತಿದ್ದಿಕೊಳ್ಳಿ. ಕೈಲಾಸನಿಗೆ ಆದದ್ದನ್ನು ಮಾತ್ರ ಯಾರೂ ತಿದ್ದಲಾರರು.

ಜೆ.ಪಿ. ನಗರದ ಒಂದು ತಗಡಿನ ಶೆಡ್ಡಿನಲ್ಲಿ ಕೈಲಾಸನ ಗ್ಯಾರೇಜು. ಶೆಡ್ಡಿನ ಯಜಮಾನರು ಚಿಕ್ಕಬೈರಪ್ಪ. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಮೂರು ಅಡ್ಡರಸ್ತೆಗಳಿವೆ, ಅವರ ಮನೆಯ ಮುಂದೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿದೆ.

"ಕಾರು ಸರಿ ಮಾಡ್ಕೊಡು ಕೈಲಾಸು, ಶೆಡ್ಡು ಇನ್ನೈದು ವರ್ಷ ನಿಂದೇ. ಆಗ್ಲಿಲ್ವಾ, ಮುಂದಿನ ತಿಂಗ್ಳು ಖಾಲಿ ಮಾಡು" ಎಂದಿದ್ದರು.

ಕಾರು ಪೆಟ್ರೋಲನ್ನು ಪಾನಕದಂತೆ ಕುಡಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಗೂರಲು ಹಿಡಿದವರಂತೆ ಕೆಮ್ಮುತ್ತಿತ್ತು. ಬಿಚ್ಚಿ ನೋಡಿದ ಕೈಲಾಸ್ ಬೆಚ್ಚಿಬಿದ್ದ. ಒಳಗೆ ಥರ್ಮೋಸ್ಟಾಟ್ ವಾಲ್ವೇ ಇಲ್ಲ! ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ರೇಡಿಯೇಟರಿನ ತಣ್ಣೀರನ್ನು ತಡೆದು ನಿಲ್ಲಿಸುವುದೇ ಅದು. ನಮ್ಮ ಸೆಕೆಗೆ ಇದೆಲ್ಲ ಬೇಡ ಎಂದು ಯಾವನೋ ಪುಣ್ಯಾತ್ಮ ಕಿತ್ತೆಸೆದಿದ್ದ. ಪಾಪದ ಎಂಜಿನ್ನು ವರ್ಷಗಟ್ಟಲೆ ಚಳಿಯಲ್ಲೇ ಓಡಿತ್ತು.

ಈಗ ಎಪ್ಪತ್ತೊಂದು ಡಿಗ್ರಿಗೆ ಬಾಯಿ ತೆರೆಯುವ ವಾಲ್ವ್ ಹಾಕುವುದೋ, ಎಂಬತ್ತೆರಡರದ್ದೋ? ಕೈಲಾಸ್ ಸಂಜೆ ಕಾಲೇಜಿನ ನೋಟ್ಸ್ ತಿರುವಿದ, ನಾಲ್ಕು ಜನರಿಗೆ ಫೋನ್ ಮಾಡಿದ, ಕೊನೆಗೆ ಎರಡನ್ನೂ ಕೊಂಡ. ರೇಸಿನವರಿಗೆ ತಣ್ಣನೆಯದು, ಕನಕಪುರ ರಸ್ತೆಗೆ ಹದವಾದದ್ದು ಎಂದು ಎಂಬತ್ತೆರಡನ್ನು ಕೂರಿಸಿದ. ಎಪ್ಪತ್ತೊಂದು ಟೂಲ್ ಡಬ್ಬ ಸೇರಿತು.

ಭಾನುವಾರ ಬೆಳಿಗ್ಗೆ ಅಂಜನಾಪುರದವರೆಗೆ ಟ್ರಯಲ್. ಯಜಮಾನರು ಸ್ಟೀರಿಂಗ್ ಹಿಡಿದರು, ಕೈಲಾಸ್ ಪಕ್ಕದಲ್ಲಿ. ಹಿಂದೆ ಸ್ಕೂಟರಿನಲ್ಲಿ ಯಜಮಾನರ ಪಕ್ಕದ ಮನೆಯ ಚನ್ನಬಸವಯ್ಯ, ಯಾರೂ ಕರೆಯದಿದ್ದರೂ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈಂ ಕೀಪರ್ ಆಗಿದ್ದವರು. ಮುಟ್ಟಿದ್ದು ಗಡಿಯಾರ ಮಾತ್ರ, ಮಾತೆಲ್ಲ ಎಂಜಿನ್ನಿನದು. ಸಾರಕ್ಕಿ ಸಿಗ್ನಲ್ ಹೊತ್ತಿಗೆ ಅವರ ಸ್ಕೂಟರು ಸ್ಪೋರ್ಟ್ಸ್ ಕಾರನ್ನು ಎರಡು ಸಲ ಓವರ್‌ಟೇಕ್ ಮಾಡಿತ್ತು.

ಅಷ್ಟರಲ್ಲಿ ಯಜಮಾನರು ಕಿಟಾರನೆ ಕಿರುಚಿದರು. "ಲೇ, ಮುಳ್ಳು! ಮುಳ್ಳು ಎದ್ದೈತಲ್ಲೋ!"

ಮೂರು ವರ್ಷದಿಂದ ಅಂಗಾತ ಮಲಗಿದ್ದ ಟೆಂಪರೇಚರ್ ಮುಳ್ಳು ಮೀಟರಿನ ನಡುಮಧ್ಯೆ ನೆಟ್ಟಗೆ ನಿಂತಿತ್ತು.

"ಅದು ಅಲ್ಲೇ ಇರ್ಬೇಕು ಯಜಮಾನ್ರೇ. ಎಂಬತ್ತೆಂಟು, ತೊಂಬತ್ತು ನಾರ್ಮಲ್ಲು."

"ತೊಂಬತ್ತಾ? ಅನ್ನ ಬೇಯ್ತದಲ್ಲೋ! ನನ್ ಕಾರಲ್ಲಿ ಯಾವತ್ತೂ ಎದ್ದಿರ್ಲಿಲ್ಲ!"

ಕಾರು ಪಕ್ಕಕ್ಕೆ ನಿಂತಿತು, ಬಾನೆಟ್ ತೆರೆಯಿತು, ಜನ ಸೇರಿತು. "ಅಣ್ಣಾ, ಎಳನೀರು ಹುಯ್ಯಣ್ಣ, ಉಷ್ಣಕ್ಕೆ ಒಳ್ಳೇದು" ಎಂದು ಎಳನೀರಿನ ಗೌರಮ್ಮ ಕೊಚ್ಚಿದ ಕಾಯಿ ಹಿಡಿದುಕೊಂಡೇ ಬಂದಳು. ಕೈಲಾಸ್ ಎರಡೂ ಕೈ ಚಾಚಿ ರೇಡಿಯೇಟರಿಗೆ ಅಡ್ಡ ನಿಂತ.

ಚನ್ನಬಸವಯ್ಯ ಹೆಲ್ಮೆಟ್ ತೆಗೆದು ಬಗ್ಗಿ ನೋಡಿದರು. "ವಾಲ್ವ್ ಹಾಕಿದೀಯೇನಪ್ಪಾ? ಅದೇ ರೋಗ. ನಮ್ ಡಿಪೋದಲ್ಲಿ ಒಂದ್ ಬಸ್ಸಿಗೂ ಇಟ್ಟಿರ್ಲಿಲ್ಲ. ಕಿತ್ತಾಕು."

"ಅಂಕಲ್, ಕಿತ್ರೆ ಎಂಜಿನ್ ಸವೆದು ಹೋಗುತ್ತೆ..."

"ಕಿತ್ತಾಕ್ತೀಯೋ, ಶೆಡ್ ಬಿಡ್ತೀಯೋ?" ಎಂದರು ಯಜಮಾನರು.

ಕೈಲಾಸನಿಗೆ ಎಂಜಿನ್ನಿಗೆ ಅನ್ಯಾಯ ಮಾಡಲು ಮನಸ್ಸಿಲ್ಲ, ಶೆಡ್ಡು ಕಳೆದುಕೊಳ್ಳಲು ಧೈರ್ಯವಿಲ್ಲ. "ಎಂಜಿನ್ ಆರ್ಲಿ" ಎಂದು ಎಲ್ಲರನ್ನೂ ಎಳನೀರಿಗೆ ಕಳಿಸಿದ. ಅರ್ಧ ಗಂಟೆ ಬಿಟ್ಟು, ಬಾನೆಟ್ಟಿನಡಿ ತಲೆ ಹುದುಗಿಸಿ, ಸ್ಪ್ಯಾನರ್ ಸದ್ದು ಮಾಡುತ್ತ ಟೆಂಪರೇಚರ್ ಮೀಟರಿಗೆ ಹೋಗುವ ವೈರನ್ನು ಮೆಲ್ಲಗೆ ಎಳೆದುಬಿಟ್ಟ. ಡಬ್ಬದಲ್ಲಿದ್ದ ಎಪ್ಪತ್ತೊಂದನ್ನು ಎತ್ತಿ ತೋರಿಸಿದ. "ತಗೊಳ್ಳಿ, ಕಿತ್ತೆ."

ಜೀವನದಲ್ಲಿ ಅವನು ಹೇಳಿದ ಮೊದಲ ದೊಡ್ಡ ಸುಳ್ಳು. ಎಂಬತ್ತೆರಡು ಒಳಗೆ ಕೂತಲ್ಲೇ ಕೂತಿತ್ತು.

ಕಾರು ಅಂಜನಾಪುರ ಮುಟ್ಟಿತು. ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ, ಎಂಜಿನ್ನು ಹಾಡಿದಂತೆ ಓಡಿತು. ಮುಳ್ಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಯಜಮಾನರು ಇಳಿದವರೇ ಕಣ್ಣು ಒರೆಸಿಕೊಂಡರು.

"ಸಖತ್! ಇಂಥಾ ಓಟ ನಾನು ಕಂಡಿರ್ಲಿಲ್ಲ. ಶೆಡ್ಡು ಇನ್ನೈದು ವರ್ಷ..."

ಕೈಲಾಸ್ ಕೈ ಮುಗಿಯಲು ಬಗ್ಗಿದ. ಯಜಮಾನರು ಅವನನ್ನು ದಾಟಿ ಹೋಗಿ, ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಿದ್ದ ಚನ್ನಬಸವಯ್ಯನವರನ್ನು ತಬ್ಬಿಕೊಂಡರು.

"...ನಿಮಗೇ ಸ್ವಾಮೀ! ಒಂದ್ ಸಲ ಬಗ್ಗಿ ನೋಡಿ ರೋಗ ಹೇಳ್ಬಿಟ್ರಲ್ಲ!"

"ಅಯ್ಯೋ, ನಂಗ್ಯಾಕೆ?" ಎಂದರು ಚನ್ನಬಸವಯ್ಯ. ಅರೆಗಳಿಗೆ ಯೋಚಿಸಿದರು. "ಆಗ್ಲಿ ಬಿಡಿ, ಮನೇಲಿ ಕೂತೂ ಕೂತೂ ಬೇಜಾರು."

"ಕೈಲಾಸು, ಇವರ ಕೈಕೆಳಗೆ ಎರಡು ವರ್ಷ ಪಳಗು. ಒಳ್ಳೇ ಮೆಕ್ಯಾನಿಕ್ ಆಗ್ತೀಯ."

ವೈರಿನ ವಿಷಯ ಹೇಳಿದರೆ ಮೋಸಗಾರ, ಹೇಳದಿದ್ದರೆ ಶಿಷ್ಯ. ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದ ಹೊಸ ಗುರುಗಳು ಕುರ್ಚಿ ಹಾಕಿಸಿಕೊಂಡು ಕೂತು, ಅಲ್ಲಿದ್ದ ಏಳೂ ಕಾರುಗಳ ವಾಲ್ವ್ ಕೀಳಲು ಆರ್ಡರ್ ಕೊಟ್ಟರು.

ಕೆಂಪು ಕಾರು ಈಗಲೂ ಓಡುತ್ತಿದೆ, ಮುಳ್ಳು ಮಲಗೇ ಇದೆ. ಎಷ್ಟು ಡಿಗ್ರಿಯಲ್ಲಿ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ, ಕೈಲಾಸನಿಗೂ ಗೊತ್ತಿಲ್ಲ.